ಕುಲುಮೆ ಪಕ್ಕದ ಕೊಡ

ಎರಕದ ಮನೆಯವರು ಹೇಳುವ ಪ್ರಕಾರ ಮೇಸ್ತ್ರಿಯ ಮೈಯಲ್ಲಿ ಬೆಲೆಬಾಳುವ ಅಂಗಗಳು ಎರಡೇ: ಗಂಟಲು ಮತ್ತು ನಾಲಿಗೆ. ಉಳಿದದ್ದೆಲ್ಲ, ಅಂದರೆ ಸವೆದ ಮಂಡಿ, ಮುಂದೆ ಬಂದ ಹೊಟ್ಟೆ, ಹಿಂದೆ ಸರಿದ ಕೂದಲು, ಅವನ ಹೆಂಡತಿಗೆ ಸೇರಿದ್ದು.

ಗಂಟಲಿನ ಮಾತು ಮೊದಲು. ದೊಡ್ಡ ಗಂಟೆ ಹೊಯ್ಯುವ ದಿನ, ಕರಗಿದ ಕಂಚು ತುಂಬಿದ ಎರಡು ಬಟ್ಟಲುಗಳು ಅಚ್ಚಿನ ಎರಡು ಪಕ್ಕದಲ್ಲಿ ತೂಗುತ್ತಿರುತ್ತವೆ. ಒಂದೊಂದು ಬಟ್ಟಲಲ್ಲೂ ಆನೆಮರಿ ಸ್ನಾನ ಮಾಡಬಹುದು. ಎರಡೂ ಒಂದೇ ಉಸಿರಿನಲ್ಲಿ ಬಾಗಬೇಕು. ಒಂದು ಹಿಂದೆ ಬಿದ್ದರೆ ಎರಡು ಕಂಚು ಬೆರೆಯದೆ ನಡುವೆ ಗೆರೆ ಉಳಿಯುತ್ತದೆ. ಅಂಥ ಗಂಟೆ ನೋಡಲು ಗಂಟೆ, ಬಾರಿಸಿದರೆ ಬೋಗುಣಿ. ಕುಲುಮೆಯ ಅಬ್ಬರದಲ್ಲಿ ಬಟ್ಟಲು ಬಾಗಿಸುವ ಇಬ್ಬರಿಗೂ ಕೇಳುವಂತೆ, ಇಬ್ಬರ ಕೈಯೂ ಒಂದಾಗುವಂತೆ ಪದ ಹೇಳುವುದು ಮೇಸ್ತ್ರಿಯ ಕೆಲಸ.

ಬಾಗು ಬಾಗು ಬಟ್ಟಲೇ, ಬೆಳಕನು ಚೆಲ್ಲು ಮೆತ್ತಗೆ;
ಮುಂದೆ ಬೇಡ, ಹಿಂದೆ ಬೇಡ, ಇಬ್ಬರೂ ಒಟ್ಟಿಗೆ.

ಇಷ್ಟೇ ಪದ. ಆದರೆ 'ಒಟ್ಟಿಗೆ' ಅನ್ನುವಾಗ ಅವನ ದನಿ ಏರುತ್ತಿದ್ದ ಬಗೆಗೆ ಕಲ್ಲುಗೋಡೆಯೂ ಬಾಗಿ ಕಂಚು ಸುರಿದೀತು ಅನ್ನಿಸುತ್ತಿತ್ತು. ಕಂಚಿನ ಕಂಠ ಅನ್ನುತ್ತಾರಲ್ಲ, ಇವನದು ಕಂಚಿಗೇ ಅಪ್ಪಣೆ ಕೊಡುವ ಕಂಠ.

ಇನ್ನು ನಾಲಿಗೆ. ಗಂಟೆಯ ಅಚ್ಚಿಗೆ ಬರುವ ಜೇಡಿಮಣ್ಣನ್ನು ಅವನು ಬೆರಳ ತುದಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ. ಮಣ್ಣಿನಲ್ಲಿ ಉಪ್ಪಿರಬಾರದು. ಉಪ್ಪು ತೇವವನ್ನು ಬಿಟ್ಟುಕೊಡುವುದಿಲ್ಲ. ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರನ್ನು ತಬ್ಬಿಕೊಂಡೇ ಕೂತಿರುತ್ತದೆ. ಅಂಥ ಅಚ್ಚಿಗೆ ಕಾದ ಕಂಚು ಬಿದ್ದರೆ ನೀರು ಆವಿಯಾಗಿ, ಆವಿ ದಾರಿ ಹುಡುಕಿ, ದಾರಿ ಕಾಣದೆ ಗೋಡೆಯನ್ನೇ ಸೀಳುತ್ತದೆ. ಆದ್ದರಿಂದ ಮೇಸ್ತ್ರಿ ನಾಲಿಗೆ ಚಾಚದೆ ಒಂದು ಬುಟ್ಟಿ ಮಣ್ಣೂ ಒಳಗೆ ಬರುತ್ತಿರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಅವನನ್ನು ಕುಲುಮೆಯಿಂದ ಎಬ್ಬಿಸಿ ಅಚ್ಚಿನ ಕೋಣೆಯಲ್ಲಿ ಕೂರಿಸಿದ್ದರು. ಅದು ನೆಲದಡಿಯ ಕೋಣೆ. ಬೆಣ್ಣೆ ಇಟ್ಟರೂ ಕರಗದಷ್ಟು ತಂಪು. ಪದ ಹೇಳುವ ದಿನ ಮಾತ್ರ ಅವನು ಮೇಲೆ ಬರುತ್ತಿದ್ದ.

ಕುಲುಮೆಯ ಪಕ್ಕದಲ್ಲಿ ಒಂದು ಮಣ್ಣಿನ ಕೊಡ. ಎರಕದ ಮನೆ ಕಟ್ಟಿದ ಹಳೆಯ ಯಜಮಾನ ಇಟ್ಟ ಪದ್ಧತಿ ಅದು. ಬೆಂಕಿಯ ಮುಂದೆ ನಿಂತವನ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ, ಹೋದದ್ದನ್ನು ತುಂಬಿಕೊಡಬೇಕು ಅಂತ ಕೊಡದ ನೀರಿಗೆ ದಿನಾ ಒಂದು ಹಿಡಿ ಉಪ್ಪು ಹಾಕಿಸುತ್ತಿದ್ದ. ಅಳತೆ ಒಂದು ಹಿಡಿ. ಹಿಡಿ ಯಾರದು ಅಂತ ಯಾರೂ ಕೇಳಿರಲಿಲ್ಲ, ಕುಲುಮೆಯವರ ಅಂಗೈಯೋ ಒಂದೊಂದೂ ಮೊರದಷ್ಟಗಲ. ಮೇಸ್ತ್ರಿ ಹರೆಯದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಆ ಕೊಡದ ನೀರನ್ನೇ ಕುಡಿದವನು. ತಂಪು ಕೋಣೆಗೆ ಇಳಿದ ಮೇಲೂ ಬಿಟ್ಟಿರಲಿಲ್ಲ. ಬಂದ ಕೂಡಲೇ ಒಂದು ಲೋಟ, ಊಟಕ್ಕೆ ಮುಂಚೆ ಒಂದು, ಆಮೇಲೆ ಬಾಯಾರಿದಾಗಲೆಲ್ಲ. ಉಪ್ಪುನೀರು ಕುಡಿದವನಿಗೆ ಬಾಯಾರದೆ ಇರುತ್ತದೆಯೇ?

ಹೀಗಿರುವಾಗ ಗಡಿಯಾರದ ಗೋಪುರಕ್ಕೆ ಒಂದು ಗಂಟೆ ಬೇಕೆಂದು ಕರೆ ಬಂತು. ಎರಕದ ಮನೆ ಹುಟ್ಟಿದಾಗಿನಿಂದ ಹೊಯ್ದ ಗಂಟೆಗಳಲ್ಲೆಲ್ಲ ದೊಡ್ಡದು. ಮೇಸ್ತ್ರಿ ಕೇಳಿದವನೇ ಕಣ್ಣು ಮುಚ್ಚಿ ಕೈ ಜೋಡಿಸಿದ. "ಇದೊಂದಕ್ಕೆ ಪದ ಹೇಳಿದರೆ ಸಾಕು. ಆಮೇಲೆ ಗಂಟಲು ತುಕ್ಕು ಹಿಡಿದರೂ ಪರವಾಗಿಲ್ಲ."

*

ಬೆಂಕಿಯ ಹತ್ತಿರ ನಿಲ್ಲುವವರನ್ನೆಲ್ಲ ಮೊದಲು ಡಾಕ್ಟರಮ್ಮ ಪರೀಕ್ಷೆ ಮಾಡಬೇಕು ಅನ್ನುವುದು ಹೊಸ ಯಜಮಾನನ ನಿಯಮ. ಡಾಕ್ಟರಮ್ಮ ತೆಳ್ಳಗೆ, ಚಿಕ್ಕ ವಯಸ್ಸಿನವಳು. ಮೇಸ್ತ್ರಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಮುಳ್ಳು ಏರಿತು. ಅವಳು ಹುಬ್ಬು ಏರಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದಳು.

"ನೂರ ಎಂಬತ್ತು."

"ಅಷ್ಟೇನಾ?" ಅಂದ ಮೇಸ್ತ್ರಿ ಬೇಸರದಿಂದ. "ಕಂಚು ಕರಗೋಕೆ ಸಾವಿರ ಬೇಕಮ್ಮ."

"ನೀವು ಕರಗೋದು ಬೇಡ ಅಂತಾನೇ ನೋಡ್ತಿರೋದು. ತಲೆನೋವು? ಎದೆ ನೋವು? ಮೆಟ್ಟಿಲು ಹತ್ತಿದರೆ ಏದುಸಿರು?"

"ಏನೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೀನಿ."

"ಅದೇ ಇದರ ಕಳ್ಳಬುದ್ಧಿ. ಬಾಗಿಲು ತಟ್ಟಿ ಬರಲ್ಲ." ಅವಳು ಮಾತ್ರೆ ಬರೆದಳು. "ಉಪ್ಪು ಇಳಿಸಬೇಕು. ಮೈಯಲ್ಲಿ ಉಪ್ಪು ಜಾಸ್ತಿ ಆದರೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಅಷ್ಟೂ ನೀರು ರಕ್ತದ ಕೊಳವೆಗಳನ್ನ ಒಳಗಿಂದ ಒತ್ತುತ್ತೆ. ಆ ಒತ್ತಡದ ಎದುರು ಹೃದಯ ಹಗಲೂ ರಾತ್ರಿ ಪಂಪು ಹೊಡೀಬೇಕು. ಹೊಡೆದು ಹೊಡೆದು ಅದರ ಗೋಡೆ ದಪ್ಪಗಾಗುತ್ತೆ, ಕೊನೆಗೆ ಸುಸ್ತಾಗುತ್ತೆ."

ಮೇಸ್ತ್ರಿ ತಲೆಯಾಡಿಸಿದ. ಪುರಾಣ ಕೇಳುವಾಗ ನಿದ್ದೆ ಬಂದವನು ಆಡಿಸುತ್ತಾನಲ್ಲ, ಹಾಗೆ.

"ಗಂಟೆ ಹೊಯ್ಯೋದಕ್ಕೆ ಇನ್ನೂ ತಿಂಗಳ ಮೇಲಿದೆ," ಅಂದಳು ಡಾಕ್ಟರಮ್ಮ. "ಇಳಿದರೆ ನಿಂತು ಹೇಳಿ ನಿಮ್ಮ ಪದ. ಇಳೀಲಿಲ್ಲ ಅಂದರೆ ಆ ಕಾವಿನ ಹತ್ತಿರ ನಿಮ್ಮನ್ನ ಬಿಡೋದಿಲ್ಲ. ಬೇರೆಯವರು ಹೇಳಲಿ."

ಬೇರೆಯವರು ಅಂದರೆ ಒಬ್ಬನೇ, ಮೇಸ್ತ್ರಿಯ ಭಾವಮೈದ. ಹೆಂಡತಿಯ ತಮ್ಮ, ಈಗ ಕುಲುಮೆ ನೋಡಿಕೊಳ್ಳುವವನು. ಪದದ ಒಂದೊಂದು ಉಸಿರೂ ಅವನಿಗೆ ಬಾಯಿಪಾಠ. ಆದರೆ ದನಿ ಮಾತ್ರ ದೇವರು ಕೊಡುವಾಗ ಕೈ ಬಿಗಿ ಹಿಡಿದಿದ್ದ. ಎಲ್ಲರೂ ಅವನನ್ನು 'ಪಿಸುಮಾತು' ಅಂತಲೇ ಕರೆಯುತ್ತಿದ್ದರು. ಅವನು ಕೂಗಿದರೆ ಪಕ್ಕದವನು "ಏನಂದೆ?" ಅನ್ನುತ್ತಿದ್ದ.

ವಿಷಯ ತಿಳಿದು ಪಿಸುಮಾತಿನ ಮುಖ ಬಿಳಿಚಿತು. "ಭಾವ, ನಿನ್ನ ಕಾಲಿಗೆ ಬೀಳ್ತೀನಿ, ಉಪ್ಪು ಬಿಡು. ನಾನು ಕೂಗಿ ಆ ಗಂಟೆ ಒಡೆದರೆ, ಗೋಪುರದ ಮೇಲೆ ಗಂಟೆ ಬದಲು ನನ್ನ ನೇತು ಹಾಕ್ತಾರೆ."

"ಹಾಕಲಿ ಬಿಡೋ. ನಿನ್ನ ಹೊಡೆದರೂ ಸದ್ದು ಬರಲ್ಲ."

*

ಮನೆಯಲ್ಲಿ ಆಳ್ವಿಕೆ ಬದಲಾಯಿತು. ಹೆಂಡತಿ ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕದಿಂದ ತೆಗೆದು ಎಲ್ಲೋ ಅಡಗಿಸಿದಳು. ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ದಾಟಿಸಿದಳು. ಉಪ್ಪು ಹಚ್ಚಿ ಒಣಗಿಸಿದ ಮೀನಿನ ಡಬ್ಬ, ಚೀಟಿಯ ಸಣ್ಣಕ್ಷರ ಓದಿ ಓದಿ ಹೊರಹಾಕಿದ ಸಾಸಿನ ಬಾಟಲಿ, ಹುರಿದ ಕಡಲೆಕಾಯಿ ಪೊಟ್ಟಣ ಎಲ್ಲವೂ ಒಂದೊಂದಾಗಿ ಗಡಿಪಾರಾದವು. ಸೂಪಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು, ಕಾಳಿಗೆ ನಿಂಬೆಹಣ್ಣು ಹಿಂಡಿದಳು, ಆಲೂಗಡ್ಡೆಗೆ ಮೆಣಸು ಕುಟ್ಟಿ ಉದುರಿಸಿದಳು. ಕುಟ್ಟುವ ಸದ್ದಿನಲ್ಲಿಯೇ ಯಾರೂ ಮಾತಾಡಬಾರದು ಅನ್ನುವ ಎಚ್ಚರಿಕೆ ಇತ್ತು.

ಮೇಸ್ತ್ರಿ ಮೊದಲ ತುತ್ತು ಬಾಯಿಗಿಟ್ಟು ಅಗಿದ. ಇನ್ನೂ ಅಗಿದ. "ಏನೇ ಇದು?"

"ಬೀನ್ಸ್."

"ಗೊತ್ತಾಗೋ ಹಾಗೆ ಮುಖ ಮಾತ್ರ ಇಟ್ಟಿದೀಯ. ಜೀವ ತೆಗೆದುಬಿಟ್ಟಿದೀಯ."

ಮೇಸ್ತ್ರಿಯ ತಾಯಿ ಎದುರು ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಬಾಯಲ್ಲಿ ಹಲ್ಲು ಕಮ್ಮಿಯಾದಷ್ಟೂ ಮಾತು ಹೆಚ್ಚಾಗಿತ್ತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಗಾದೆ. ಒಂದನ್ನು ಈಗಾಗಲೇ ಮನೆಯಿಂದ ಓಡಿಸಿದಾಯ್ತು. ಇನ್ನು ನನ್ನ ಸರದಿ ಯಾವಾಗಮ್ಮ?"

"ನೀವು ಬಿ.ಪಿ. ಏರಿಸಲ್ಲ ಅತ್ತೆ. ತಲೆ ಮಾತ್ರ ಬಿಸಿ ಮಾಡ್ತೀರಿ."

"ಹುಲ್ಲು ತಿನ್ನೋ ಹಸುವಿಗಾದರೂ ನೆಕ್ಕೋಕೆ ಒಂದು ಉಪ್ಪಿನ ಕಲ್ಲು ಕಟ್ತಾರೆ. ಎಂಬತ್ತು ವರ್ಷ ಉಪ್ಪು ತಿಂದೆ, ನನಗೇನಾಯ್ತು?"

ಹೆಂಡತಿ ನಿಂಬೆಹಣ್ಣು ಹಿಂಡಿದಳು. ನಿಂಬೆಹಣ್ಣಿಗೆ ಅಷ್ಟು ಬಲ ಬೇಕಿರಲಿಲ್ಲ.

ಒಂದು ಮಾತು ಮಾತ್ರ ಸತ್ಯ. ಮೇಸ್ತ್ರಿ ಗೊಣಗಿದನೇ ಹೊರತು ಕದಿಯಲಿಲ್ಲ. ಮೂಲೆಯ ಬೇಕರಿಯ ಉಪ್ಪು ಬಿಸ್ಕತ್ತಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಗೆಳೆಯರು ಕೊಟ್ಟ ಖಾರದ ಕಡಲೆಗೆ ಕೈ ಮುಗಿದ. ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಿದ. ಗಂಟೆಗಾಗಿ ವ್ರತ ಹಿಡಿದವನಂತೆ ಸಪ್ಪೆ ಉಂಡು, ಬೆಳಗ್ಗೆ ಎದ್ದು ಎರಕದ ಮನೆಗೆ ಹೋಗಿ, ಕೊಡದಿಂದ ಲೋಟ ತುಂಬಾ ಮೊಗೆದು ಗಟಗಟ ಕುಡಿದು, "ಅಬ್ಬಾ, ಈಗ ಜೀವ ಬಂತು" ಅನ್ನುತ್ತಿದ್ದ. ಮನೆಯ ಸಪ್ಪೆ ಹೆಚ್ಚಾದಷ್ಟೂ ಕೊಡದ ಲೋಟ ಹೆಚ್ಚಾಯಿತು. ಅದು ಉಪ್ಪು ಅನ್ನುವುದು ಅವನ ಮನಸ್ಸಿಗೆ ಹೊಳೆಯಲೇ ಇಲ್ಲ. ಉಪ್ಪು ಊಟದ್ದು. ಕೊಡ ಕೆಲಸದ್ದು. ಸುತ್ತಿಗೆಯನ್ನು ಯಾರಾದರೂ ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ?

*

ಮೂರು ವಾರ ಕಳೆದ ಮೇಲೆ ಹೆಂಡತಿ ಅವನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು, ತೀರ್ಪು ಕೇಳಲು ಹೋಗುವ ವಕೀಲೆಯ ಹಾಗೆ ತಲೆಯೆತ್ತಿಕೊಂಡು. ಮುದುಕಿಯೂ ಜೊತೆಗೆ ಹೊರಟಳು. ಸೊಸೆ ಸೋಲುವುದನ್ನು ನೋಡುವ ಅವಕಾಶ ಬಿಡುವವಳಲ್ಲ.

ಪಟ್ಟಿ ಸುತ್ತಿತು, ಗಾಳಿ ಏರಿತು, ಮುಳ್ಳು ಏರಿತು. ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗಿದಳು.

"ಅಡುಗೆಗೆ ಉಪ್ಪು ಸ್ವಲ್ಪಾನೂ ಇಳಿಸಿಲ್ವಾ ಅಮ್ಮ? ಮಾತ್ರೆ ಕೊಟ್ಟರೂ ಇದ್ದಲ್ಲೇ ಇದೆ. ಕೂದಲೆಳೆ ಏರಿದೆ ಅಂತಲೂ ಹೇಳಬಹುದು."

ಮೂರು ವಾರದ ಬೆಳ್ಳುಳ್ಳಿ, ಮೂರು ವಾರದ ನಿಂಬೆಹಣ್ಣು, ಅತ್ತೆಯ ಬಾಯಿ, ಎಲ್ಲವೂ ಹೆಂಡತಿಯ ಕಣ್ಣಮುಂದೆ ಮೆರವಣಿಗೆ ಹೊರಟವು. "ನಾವು ರಟ್ಟು ತಿಂತಿದ್ದೀವಿ ಡಾಕ್ಟರಮ್ಮ! ನೆನೆಸಿದ ರಟ್ಟು! ಕೇಳಿ ಬೇಕಾದರೆ."

"ರಟ್ಟಿಗಾದರೂ ಅಂಟಿನ ರುಚಿ ಇರುತ್ತೆ," ಅಂದಳು ಮುದುಕಿ. ಆಮೇಲೆ ಗೆದ್ದ ಹುಮ್ಮಸ್ಸಿನಲ್ಲಿ ತಾನೇ ತೋಳು ಚಾಚಿದಳು. "ನನಗೂ ಹಾಕಮ್ಮ ಆ ಪಟ್ಟಿ. ಎಂಬತ್ತು ವರ್ಷ ಉಪ್ಪು ತಿಂದ ಮೈ. ಏನೂ ಆಗಿಲ್ಲ ಅಂತ ಇವಳಿಗೆ ತೋರಿಸು."

ಡಾಕ್ಟರಮ್ಮ ಹಾಕಿದಳು. ನೋಡಿದಳು. "ಅಜ್ಜಿ, ನಿಮ್ಮದೂ ಜಾಸ್ತಿಯೇ ಇದೆ."

"ಮೆಷಿನ್ನು ಕೆಟ್ಟಿದೆ," ಅಂದಳು ಮುದುಕಿ, ತೋಳು ಹಿಂದಕ್ಕೆಳೆದುಕೊಂಡು.

"ಏನೂ ಆಗಿಲ್ಲ ಅಲ್ಲ ಅಜ್ಜಿ. ಆಗ್ತಾ ಇರೋದು ಗೊತ್ತಾಗಿಲ್ಲ."

ಮೂವರೂ ಮನೆಗೆ ಬಂದರು. ಬಾಗಿಲು ಹಾಕಿದ ಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಎಲ್ಲಿ ಕದ್ದು ತಿಂತಿದ್ದೀರಿ? ನೆಟ್ಟಗೆ ಹೇಳಿ."

"ನನ್ನ ಗಂಟಲಾಣೆ ಕಣೇ, ಒಂದು ಹರಳು ಉಪ್ಪು ಮುಟ್ಟಿಲ್ಲ!"

ಗಂಟಲಾಣೆ ಅಂದರೆ ಮೇಸ್ತ್ರಿಗೆ ತಾಯಿಯಾಣೆಗಿಂತ ದೊಡ್ಡದು. ಅದನ್ನು ತಾಯಿಯೂ ಬಲ್ಲಳು. ಹೆಂಡತಿ ಅರ್ಧ ನಂಬಿದಳು. ಉಳಿದರ್ಧಕ್ಕೆ, ಮಾರನೆಯ ದಿನ ಅವನ ಹಿಂದೆ ಹೊರಟಳು.

ಕೈಯಲ್ಲಿ ಊಟದ ಡಬ್ಬಿ ಹಿಡಿದು, ಮೂರು ಅಂಗಡಿ ಹಿಂದೆ ಉಳಿದು, ಕಂಬಗಳ ಮರೆಯಲ್ಲಿ ನಡೆದಳು. ಅವನು ಬೇಕರಿ ದಾಟಿದ, ನಿಲ್ಲಲಿಲ್ಲ. ಕಡಲೆ ಹುರಿಯುವವನ ಗಾಡಿ ದಾಟಿದ. ಮುಖ ಆಚೆ ತಿರುಗಿಸಿಕೊಂಡು, ಮೂಗು ಹಿಡಿದುಕೊಂಡು ದಾಟಿದ. ಆ ಮೂಗು ಹಿಡಿದದ್ದು ನೋಡಿ ಅವಳಿಗೆ ಕಣ್ಣು ತುಂಬಿತು. ಅಯ್ಯೋ, ಇಂಥವನನ್ನು ಕಳ್ಳ ಅಂದೆನಲ್ಲ! ಬಿಸಿಲಿನಲ್ಲಿ ಎರಕದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು. ಒಳಗೆ ಬಂದವಳು ಗಂಡ ಕೊಡದಿಂದ ಮೊಗೆದು ಕುಡಿದು ಮೀಸೆ ಒರೆಸಿಕೊಳ್ಳುವುದನ್ನು ನೋಡಿದಳು. ತಾನೂ ಲೋಟ ತುಂಬಿ ಬಾಯಿಗಿಟ್ಟಳು.

ಮೂರು ವಾರ ಉಪ್ಪು ಕಾಣದ ನಾಲಿಗೆ ಅದು. ಬಾಯಿಗೆ ಹೋದ ನೀರು ಹೋದಷ್ಟೇ ವೇಗದಲ್ಲಿ ಹೊರಬಂದು ಪಿಸುಮಾತಿನ ಅಂಗಿಯ ಮೇಲೆ ಬಿತ್ತು.

"ಅಕ್ಕಾ!" ಅಂದ ಪಿಸುಮಾತು. ಯಾರಿಗೂ ಕೇಳಲಿಲ್ಲ.

"ರೀ! ಏನ್ರೀ ಇದು?"

"ನೀರು ಕಣೇ."

"ಇದು ನೀರಾದರೆ ಸಮುದ್ರ ಏನು? ದಿನಾ ಎಷ್ಟು ಲೋಟ ಕುಡೀತೀರಿ ಇದನ್ನ?"

ಮೇಸ್ತ್ರಿ ಎಣಿಸಲು ಹೋಗಿ ಒಂದು ಕೈಯ ಬೆರಳು ಮುಗಿಸಿ ಇನ್ನೊಂದು ಕೈ ಎತ್ತಿದ. ಅರ್ಧಕ್ಕೇ ಇಳಿಸಿದ. ಹೆಂಡತಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ಮನೇಲಿ ನಾನು ಚಿಟಿಕೆ ಚಿಟಿಕೆ ಉಳಿಸ್ತಾ ಇದ್ದೀನಿ. ಇಲ್ಲಿ ನೀವು ಹಿಡಿ ಹಿಡಿ ಕುಡೀತಾ ಇದ್ದೀರಿ. ನನ್ನ ಮಾನ ಡಾಕ್ಟರಮ್ಮನ ಮೇಜಿನ ಮೇಲೆ ಹೋಯ್ತು!"

"ಇದು ಕುಲುಮೆಯ ಪಾಲು ಕಣೇ. ಹಳೇ ಯಜಮಾನ್ರು ಇಟ್ಟದ್ದು. ಉಪ್ಪು ತಿಂದ ಮನೆಗೆ ಎರಡು ಬಗೀಬಾರದು."

"ಎರಡು ಬಗೀಬೇಡ ಅಂದರು. ಮನೇಲಿರೋ ಉಪ್ಪನ್ನೆಲ್ಲ ತಿಂದು ಮುಗಿಸು ಅನ್ನಲಿಲ್ಲ."

ಕುಲುಮೆಯವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸುತ್ತ ನಿಂತಿದ್ದರು. ಇಂಥ ಆಟ ದಿನಾ ಸಿಗುವುದಿಲ್ಲ. ಪಿಸುಮಾತು ಒದ್ದೆ ಅಂಗಿ ಹಿಂಡಿಕೊಳ್ಳುತ್ತ ಹತ್ತಿರ ಬಂದ. "ಭಾವ, ನಾನು ಬೆಂಕಿ ಮುಂದೆ ನಿಂತು ಕೊಡ ಕೊಡ ಬೆವರು ಸುರಿಸ್ತೀನಿ. ನೀನು ಆ ಗವಿಯಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿರ್ತೀಯ. ಎಲ್ಲಿ, ಒಂದು ಹನಿ ಬೆವರು ತೋರಿಸು ನೋಡೋಣ."

ಮೇಸ್ತ್ರಿ ಹಣೆ ಮುಟ್ಟಿಕೊಂಡ. ಆಗ ಮಾತ್ರ ಒಂದು ಹನಿ ಇತ್ತು. ಅದು ಹೆಂಡತಿ ತರಿಸಿದ್ದು.

*

ಕೊಡ ಬಿಡುವುದು ಸಪ್ಪೆ ಊಟಕ್ಕಿಂತ ಕಷ್ಟವಾಯಿತು. ಮನೆಯಿಂದ ತಂದ ಬರೀ ನೀರು ಬಾಯಿಗೆ ಬಂದು ಏನೂ ಹೇಳದೆ ಹೋಗುತ್ತಿತ್ತು. ಪರಿಚಯವಿಲ್ಲದ ನೆಂಟನ ಹಾಗೆ. ಮೇಲೆ ಕೊಡದ ಮುಚ್ಚಳದ ಸದ್ದಾದರೆ ಕೆಳಗೆ ಮೇಸ್ತ್ರಿಯ ಕಿವಿ ನಿಮಿರುತ್ತಿತ್ತು. ಅವನ ಮುಖ ನೋಡಲಾರದೆ ಕುಲುಮೆಯವರು ಕಳ್ಳರ ಹಾಗೆ ಬೆನ್ನು ತಿರುಗಿಸಿ ಕುಡಿಯುತ್ತಿದ್ದರು.

ಹೀಗೇ ಎರಡು ವಾರ ಹೋಗಿರಬೇಕು. ಒಂದು ಬೆಳಗ್ಗೆ ಮೇಸ್ತ್ರಿ ಬ್ರೆಡ್ಡಿನ ಚೂರು ಬಾಯಿಗಿಟ್ಟವನು ಥಟ್ಟನೆ ನಿಲ್ಲಿಸಿದ.

"ಏನೇ, ಬೇಕರಿಯವನ ಕೈ ಜಾರಿದೆಯಾ? ಇದು ಬ್ರೆಡ್ಡೋ ಉಪ್ಪಿನ ಕಲ್ಲೋ?"

ಹೆಂಡತಿ ತಿರುಗಿ ನೋಡಿ, ಒಂದು ಹಸಿ ಕ್ಯಾರೆಟ್ ಅವನ ಕೈಗಿಟ್ಟಳು. ಕಚ್ಚಿದ. ಕ್ಯಾರೆಟ್ಟಿಗೆ ರುಚಿ ಇತ್ತು! ಸಿಹಿ, ಅದರ ಹಿಂದೆ ಮಣ್ಣಿನ ವಾಸನೆ, ಅದರ ಹಿಂದೆ ಇನ್ನೇನೋ. ಮನೆಗೆ ಬೀಗ ಹಾಕಿ ಊರಿಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಮರಳಿ ಬಂದು ಕಿಟಕಿ ತೆರೆದ ಹಾಗಿತ್ತು. ಸಂಭ್ರಮ ತಡೆಯದೆ ಅವನು ಬೇಕರಿಗೆ ಜಗಳಕ್ಕೆ ಹೋದ.

"ಏನಯ್ಯಾ, ಉಪ್ಪು ಪುಕ್ಕಟೆ ಸಿಗ್ತಾ ನಿನಗೆ?"

ಬೇಕರಿಯವನು ಹಿಟ್ಟಿನ ಕೈ ಕೊಡವಿದ. "ನಮ್ಮಪ್ಪನ ಕಾಲದಿಂದ ಇದೇ ಅಳತೆ ಮೇಸ್ತ್ರಿ. ನೀವು ದಿನಾ ತಿಂತಿದ್ದದ್ದೂ ಇದೇ."

ಮೇಸ್ತ್ರಿ ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಬ್ರೆಡ್ಡಿನಲ್ಲಿ ಇಷ್ಟು ಉಪ್ಪಿದ್ದದ್ದು ದಿನಾ ತಿಂದರೂ ಗೊತ್ತಾಗಲಿಲ್ಲ. ಹಾಗಾದರೆ ಮಣ್ಣಿನಲ್ಲಿ?

ಸವೆದ ಮಂಡಿಯನ್ನು ಮರೆತು ಅವನು ಓಡಿದ. ಎರಕದ ಮನೆಯ ಗುಂಡಿಯಲ್ಲಿ ದೊಡ್ಡ ಗಂಟೆಯ ಅಚ್ಚು ಸಿದ್ಧವಾಗಿ ನಿಂತಿತ್ತು. ಅದಕ್ಕೆ ಬಂದ ಮಣ್ಣನ್ನು ತಿಂಗಳ ಹಿಂದೆ ರುಚಿ ನೋಡಿ 'ಸಿಹಿಮಣ್ಣು' ಅಂತ ಒಳಗೆ ಬಿಟ್ಟವನು ಇವನೇ. ಮೇಸ್ತ್ರಿ ಏಣಿ ಇಳಿದು, ಅಚ್ಚಿನ ಅಂಚಿಗೆ ಮುಖವಿಟ್ಟು, ಎಲ್ಲರೂ ನೋಡುತ್ತಿರುವಂತೆಯೇ ನಾಲಿಗೆ ಚಾಚಿ ನೆಕ್ಕಿದ. ಎರಡು ಹೆಜ್ಜೆ ಸರಿದು ಇನ್ನೊಂದು ಕಡೆ ನೆಕ್ಕಿದ.

"ಹಸಿದಿದ್ದೀಯಾ ಭಾವ?" ಅಂತ ಮೇಲಿನಿಂದ ಯಾರೋ ಅಂದಂತಾಯಿತು. ಪಿಸುಮಾತೇ ಇರಬೇಕು.

ಉಪ್ಪು. ಕಣ್ಣೀರಿನಷ್ಟು ತೆಳು ಉಪ್ಪು, ಆದರೆ ಉಪ್ಪೇ.

ಮೇಸ್ತ್ರಿ ಗುಂಡಿಯ ತಳದಲ್ಲಿ ಕುಳಿತುಬಿಟ್ಟ. ಹೇಳಿದರೆ, ಇಷ್ಟು ವರ್ಷದ ನಾಲಿಗೆಯ ಹೆಸರು ಈ ಗುಂಡಿಯಲ್ಲೇ ಹೂತುಹೋಗುತ್ತದೆ. ನಾಲಿಗೆ ಹೋದವನ ಗಂಟಲನ್ನು ಯಾರು ನಂಬುತ್ತಾರೆ? ಹೇಳದಿದ್ದರೆ ಒಣಗಿದೆಯೆಂದೇ ನಂಬಿ ಹೊಯ್ಯುತ್ತಾರೆ. ಸೀಳಿದರೆ ಸೀಳೀತು, ಸೀಳದೆಯೂ ಇದ್ದೀತು. ಮೇಲೆ ನೋಡಿದ. ಗುಂಡಿಯ ಅಂಚಿನಲ್ಲಿ, ಹೊಯ್ಯುವ ದಿನ ಬಟ್ಟಲು ಹಿಡಿದು ನಿಲ್ಲುವ ಜಾಗದಲ್ಲೇ, ಪಿಸುಮಾತು ಬಗ್ಗಿ ನಿಂತಿದ್ದ. ಹಲ್ಲು ಕಿರಿಯುತ್ತಿದ್ದ.

"ಯಜಮಾನ್ರನ್ನ ಕರಿ," ಅಂದ ಮೇಸ್ತ್ರಿ.

ಹೊಸ ಯಜಮಾನ ಬಂದ. ಕೊರಳಪಟ್ಟಿ ಬಿಗಿಯಾಗಿದ್ದ ಮನುಷ್ಯ. ಮೇಸ್ತ್ರಿ ತಲೆ ತಗ್ಗಿಸಿ ಹೇಳಿದ. "ಈ ಅಚ್ಚು ಒಡೀಬೇಕು ಧಣಿ. ಮಣ್ಣು ಉಪ್ಪಾಗಿದೆ. ತಪ್ಪು ನನ್ನದು. ನನ್ನ ನಾಲಿಗೆ ಉಪ್ಪಿನಲ್ಲೇ ನೆಂದು ಕಿವುಡಾಗಿತ್ತು."

"ಹೊರಗೆಲ್ಲ ಒಣಗಿದೆಯಲ್ಲಯ್ಯ! ಇಷ್ಟು ದಿನ ಬೆಂಕಿ ಇಟ್ಟಿದ್ದೀವಿ!"

"ಹೊರಗೆ ಒಣಗಿರುತ್ತೆ ಧಣಿ. ಅದೇ ಅದರ ಕಳ್ಳಬುದ್ಧಿ. ಉಪ್ಪು ಒಳಗೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಕಾವು ಬಿದ್ದಾಗ ಅಷ್ಟೂ ನೀರು ಗೋಡೆಯನ್ನ ಒಳಗಿಂದ ಒತ್ತುತ್ತೆ. ಒತ್ತಿ ಒತ್ತಿ, ಗೋಡೆ ತಡೆಯೋವರೆಗೆ ತಡೆದು..."

ಅವನ ಮಾತು ಅಲ್ಲಿಗೇ ನಿಂತಿತು. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ? ತೆಳ್ಳಗಿನ ಒಬ್ಬ ಹುಡುಗಿ, ತೋಳಿಗೆ ಪಟ್ಟಿ, ಕೊಳವೆ, ಪಂಪು, ಗೋಡೆ. ಆಗ ನಿದ್ದೆಯಲ್ಲಿ ಆಡಿಸಿದ್ದ ತಲೆ ಈಗ ಎಚ್ಚರವಾಗಿ ನಿಂತಿತು. ಮೇಸ್ತ್ರಿಯ ಕೈ ತಾನಾಗಿ ಮೇಲೆದ್ದು ಎದೆಯ ಮೇಲೆ ಕೂತಿತು.

"ಏನಾಯ್ತಯ್ಯ?" ಅಂದ ಯಜಮಾನ ಗಾಬರಿಯಾಗಿ.

"ಏನಿಲ್ಲ ಧಣಿ. ಇಷ್ಟು ದಿನ ಒಂದು ಅಚ್ಚನ್ನ ಜೊತೇಲೇ ಹೊತ್ತುಕೊಂಡು ತಿರುಗ್ತಿದ್ದೆ."

ಯಜಮಾನನಿಗೆ ಅರ್ಥವಾಗಲಿಲ್ಲ, ಅಚ್ಚಿನ ಒಂದು ಮೂಲೆ ಒಡೆಸಿ ನೋಡಿದ. ಹೊರಗೆ ಬೂದಿಯಂತೆ ಒಣಗಿದ್ದ ಮಣ್ಣು ಒಳಗೆ ಕಪ್ಪಗೆ, ಹಸಿಯಾಗಿ, ಬೆರಳಿಗೆ ಅಂಟುತ್ತಿತ್ತು. ಯಜಮಾನ ಕೊರಳಪಟ್ಟಿ ಸಡಿಲಿಸಿಕೊಂಡು ಪಿಸುಮಾತನ್ನು ನೋಡಿದ, ಬಟ್ಟಲನ್ನು ನೋಡಿದ, ಮತ್ತೆ ಆ ಹಸಿ ಮಣ್ಣನ್ನು ನೋಡಿದ.

"ಒಡೀರಿ," ಅಂದ. ಆಮೇಲೆ ಮೇಸ್ತ್ರಿಗೆ: "ಹೊಸ ಮಣ್ಣು ನೀನೇ ನೆಕ್ಕಬೇಕು. ಅಷ್ಟೂ ಬುಟ್ಟಿ. ಡಾಕ್ಟರಮ್ಮ ಒಪ್ಪಿದರೆ ಪದಾನೂ ನೀನೇ."

*

ಹೊಸ ಅಚ್ಚು ಕಟ್ಟಿ ಒಣಗಿಸಲು ಇನ್ನೊಂದು ತಿಂಗಳು ಬೇಕಾಯಿತು. ಆ ತಿಂಗಳು ಗಂಟೆಗೂ ಮೇಸ್ತ್ರಿಗೂ ಒಟ್ಟಿಗೇ ಸಿಕ್ಕ ವರ. ಮುದುಕಿಯೂ ಮಾತ್ರೆಗೆ ಬಿದ್ದಳು, ಸಪ್ಪೆಗೂ ಬಿದ್ದಳು. ಆದರೆ ಬೈಯುವುದನ್ನು ಡಾಕ್ಟರಮ್ಮ ಇಳಿಸಲು ಹೇಳಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಕೋಣೆಯಲ್ಲಿ ಮೇಸ್ತ್ರಿಗಿಂತ ಪಿಸುಮಾತು ಹೆಚ್ಚು ನಡುಗುತ್ತಿದ್ದ. ಮುಳ್ಳು ಏರಿತು, ಇಳಿಯಿತು. ಡಾಕ್ಟರಮ್ಮ ಎರಡನೇ ಸಲ ನೋಡಿದಳು. "ಪೂರ್ತಿ ಅಲ್ಲ. ಆದರೆ ನಿಂತು ಪದ ಹೇಳೋ ಅಷ್ಟು ಇಳಿದಿದೆ. ಮಾತ್ರೆ ಬಿಡಬೇಡಿ. ಕೊಡದ ಹತ್ತಿರ ಹೋಗಬೇಡಿ." ಆಮೇಲೆ ಹೆಂಡತಿಯ ಕೈ ಹಿಡಿದು, "ಅವತ್ತು ನಿಮ್ಮ ಮೇಲೆ ಅನುಮಾನ ಪಟ್ಟೆ. ಕ್ಷಮಿಸಿಬಿಡಿ ಅಮ್ಮ," ಅಂದಳು.

ಹೆಂಡತಿ ಕ್ಷಮಿಸಿದಳು, ಸಾಕ್ಷಿಗೆ ಅತ್ತೆ ಹತ್ತಿರದಲ್ಲೇ ಇದ್ದಾಳೆ ಅನ್ನುವುದನ್ನು ಖಚಿತ ಮಾಡಿಕೊಂಡು.

ಹೊಯ್ಯುವ ಮುಂಜಾವು. ಕುಲುಮೆ ಹುಲಿಯ ಹಾಗೆ ಗುರುಗುಡುತ್ತಿತ್ತು. ಬಾಗಿಲಾಚೆ ಮನೆಯವರೆಲ್ಲ ಸೇರಿದ್ದರು. ಪದ ಹೇಳುವವನು ಮೊದಲು ಕೊಡದಿಂದ ಒಂದು ಲೋಟ ಕುಡಿದು ಆಮೇಲೆ ಬಾಯಿ ತೆರೆಯಬೇಕು. ಅದು ಹಳೆಯ ಯಜಮಾನ ಇಟ್ಟ ಕಟ್ಟಳೆ. ಪಿಸುಮಾತು ಲೋಟ ತುಂಬಿ ತಂದು ಮುಂದೆ ಹಿಡಿದ. ಮೇಸ್ತ್ರಿ ಲೋಟ ನೋಡಿದ. ಬಾಗಿಲಾಚೆ ಹೆಂಡತಿಯ ಕಣ್ಣು ನೋಡಿದ. ಆ ಕಣ್ಣಿಗಿಂತ ಕುಲುಮೆಯೇ ತಂಪು ಅನ್ನಿಸಿತು.

"ಕುಡಿ ಭಾವ," ಅಂದ ಪಿಸುಮಾತು ಕಿವಿಯಲ್ಲಿ. ಕಿವಿಯ ಮಾತಿಗೆ ಅವನ ದನಿಯಷ್ಟು ಹೇಳಿಮಾಡಿಸಿದ್ದು ಬೇರೊಂದಿಲ್ಲ. "ಬೆವರೋರಿಗೂ ಇಷ್ಟು ಉಪ್ಪು ಬೇಡ ಅಂದರು ಡಾಕ್ಟರಮ್ಮ. ನಿನ್ನೆಯಿಂದ ಇದರಲ್ಲಿ ಬರೀ ನೀರು. ನಾವೆಲ್ಲ ನಿನ್ನ ಹಾಗೇ ಮೂತಿ ಸಿಂಡರಿಸ್ಕೊಂಡು ಕುಡೀತಿದ್ದೀವಿ."

ಮೇಸ್ತ್ರಿ ಕುಡಿದ. ಅದೇ ಕೊಡ, ಅದೇ ಲೋಟ. ನೀರು ನಾಲಿಗೆಯ ಮೇಲೆ ನಿಂತು, ಸಿಹಿಯಾಗಿ, ನಿಧಾನವಾಗಿ ಇಳಿಯಿತು. ಅವನು ಕಣ್ಣು ಮುಚ್ಚಿ ಕೈ ಜೋಡಿಸಿದ. ಆಮೇಲೆ ಕುಲುಮೆಯ ಗುರುಗುಟ್ಟುವಿಕೆಯ ಮೇಲೆ ಆ ಕಂಠ ಎದ್ದಿತು.

ಬಾಗು ಬಾಗು ಬಟ್ಟಲೇ, ಬೆಳಕನು ಚೆಲ್ಲು ಮೆತ್ತಗೆ;
ಮುಂದೆ ಬೇಡ, ಹಿಂದೆ ಬೇಡ, ಇಬ್ಬರೂ ಒಟ್ಟಿಗೆ!

ಎರಡು ಬಟ್ಟಲುಗಳೂ ಒಂದೇ ಉಸಿರಿನಲ್ಲಿ ಬಾಗಿದವು. ಕಂಚು ಹೊಳೆಯಾಗಿ ಇಳಿಯಿತು. ಅಚ್ಚು ಒಮ್ಮೆ ಗೊಣಗಿತು, ಒಂದಿಷ್ಟು ಹಬೆ ಬಿಟ್ಟಿತು. ಆಮೇಲೆ ಉಂಡು ಮಲಗಿದವನ ಹಾಗೆ ಸುಮ್ಮನಾಯಿತು.

ಗಂಟೆ ಆರಿ, ಮಣ್ಣು ಕಳಚಿ, ಮೊದಲ ಪೆಟ್ಟು ಕೊಡುವ ದಿನ ಮುದುಕಿ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡಳು. ಪಿಸುಮಾತು ಮರದ ಸುತ್ತಿಗೆ ಬೀಸಿದ. ಸದ್ದು ಎದ್ದಿತು, ಹರಡಿತು, ಗೋಡೆಗಳನ್ನು ದಾಟಿ ಬೀದಿಗೆ ಹೋಗಿ, ಬೇಕರಿ ದಾಟಿ, ಕಡಲೆ ಗಾಡಿ ದಾಟಿ, ಇನ್ನೂ ಹೋಗುತ್ತಲೇ ಇತ್ತು. ಎಲ್ಲೂ ಗೆರೆಯಿಲ್ಲ, ಬಿರುಕಿಲ್ಲ. ಮೇಸ್ತ್ರಿ ಉಸಿರು ಹಿಡಿದು ತಾಯಿಯ ಮುಖ ನೋಡಿದ. ಎರಡು ತಿಂಗಳಿಂದ ತಟ್ಟೆಗೆ ಬಂದ ಒಂದನ್ನೂ ಅವಳು ಒಪ್ಪಿರಲಿಲ್ಲ.

ಮುದುಕಿ ತಲೆ ವಾಲಿಸಿ, ಸದ್ದಿನ ಕೊನೆಯ ಎಳೆ ಕರಗುವವರೆಗೂ ಕೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದಳು:

"ಹ್ಞೂಂ. ಇದಕ್ಕೆ ಮಾತ್ರ ಉಪ್ಪು ಕಮ್ಮಿ ಅನ್ನೋ ಹಾಗಿಲ್ಲ."